ಭಾವನವರ ಸೈನ್ಯದ ವಿಮಾನ

ನಮ್ಮ ಭಾವನವರಿಗೆ ಪರದೇಶದ ಒಂದು ಇಡೀ ಸೈನ್ಯವೇ ಪರಿಚಯ ಎಂದರೆ ನೀವು ನಂಬುವುದಿಲ್ಲ. ಅವರೇನು ಸೈನಿಕರಲ್ಲ. ದೋಹಾ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೂತು, ಯಾವ ಪೆಟ್ಟಿಗೆ ವಿಮಾನದ ಯಾವ ಜಾಗದಲ್ಲಿರಬೇಕೆಂದು ಲೋಡ್ ಶೀಟ್ ಬರೆಯುವ ಮೈಸೂರಿನವರು, ನಮ್ಮಕ್ಕನ ಗಂಡ. ಅದೇ ಕಟ್ಟಡದಲ್ಲಿ ನನಗೆ ಕೆಲಸ ಕೊಡಿಸಿದ್ದೂ ಅವರೇ. ಆದ್ದರಿಂದ ಇದನ್ನೆಲ್ಲ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದೇನೆ.

ಅಲ್ ರಯ್ಯಾನ್‌ನ ಅವರ ಮನೆಯಿಂದ ಹೋಟೆಲಿಗೆ ಹೊರಟರೆ ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಅವರೇ ಹೇಳಬೇಕು.

"ನೀನೂ ಮಕ್ಕಳೂ ಎಡಗಡೆ. ನಿಮ್ಮಕ್ಕ ಒಬ್ಬಳೇ ಬಲಗಡೆ. ಬ್ಯಾಲೆನ್ಸ್ ಕಣಯ್ಯ."

"ಅಂದ್ರೆ ನಾನು ದಪ್ಪ ಅಂತ ತಾನೆ?" ಎಂದಳು ಅಕ್ಕ. ಅವತ್ತು ಯಾರೂ ಹೋಟೆಲಿಗೆ ಹೋಗಲಿಲ್ಲ.

ಇಂಥ ಭಾವನಿಗೆ ಹುಚ್ಚು ಹಿಡಿಸಿದ್ದು ವಾರಕ್ಕೊಮ್ಮೆ ಬರುತ್ತಿದ್ದ ಒಂದು ಮುದಿ ಸರಕು ವಿಮಾನ. ಅದರ ಕಂಪನಿಯ ಒಡೆಯ ಯಾವ ಸಾಹುಕಾರನೂ ಅಲ್ಲ, ದೂರದ ಒಂದು ಪುಟ್ಟ ದೇಶದ ಸೈನ್ಯ! ಸೈನ್ಯಕ್ಕೇಕಪ್ಪ ಸಾಗಾಣಿಕೆಯ ಉಸಾಬರಿ? ಭಾವ ಅದರ ಪೈಲಟ್‌ಗಳನ್ನೆಲ್ಲ ಕ್ಯಾಂಟೀನಿಗೆ ಕರೆದು ಚಹಾ ಕುಡಿಸಿ ವಿಚಾರಿಸಿದರು. ಮೊದಮೊದಲು ಅದು ಗಡಿಯ ಠಾಣೆಗಳಿಗೆ ಅಕ್ಕಿ, ಔಷಧಿ, ಮನೆಯವರ ಪತ್ರಗಳನ್ನು ಒಯ್ಯುತ್ತಿತ್ತಂತೆ. ಬರುವಾಗ ಖಾಲಿ ಯಾಕೆ ಬರಬೇಕೆಂದು ಯಾರೋ ಕರ್ನಲ್ ಬೆಟ್ಟದ ಊರಿನ ಸೇಬು ತುಂಬಿಸಿದನಂತೆ. ಸೇಬಿನ ಹಿಂದೆ ಹೂವು ಬಂತು, ಹೂವಿನ ಹಿಂದೆ ಕುರಿ, ಕೊನೆಗೆ ಪಂದ್ಯದ ಕುದುರೆ. ಹಾಗೇ ಅದೊಂದು ಕಂಪನಿಯಾಗಿ ಪರದೇಶಗಳಿಗೂ ಹಾರತೊಡಗಿತಂತೆ. ಸಿಬ್ಬಂದಿ ಮಾತ್ರ ಇಂದಿಗೂ ಸೈನಿಕರೇ. ಈರುಳ್ಳಿ ತಡವಾದರೂ ಮೇಜರ್ ಸಾಹೇಬರಿಗೆ ವಿವರಣೆ ಬರೆದುಕೊಡಬೇಕು.

"ಈರುಳ್ಳಿಗೂ ಸೆಲ್ಯೂಟ್ ಹೊಡೀತಾರಾ ಭಾವ?"

"ನಗಬೇಡ. ಡಿಸಿಪ್ಲಿನ್ ಅಂದ್ರೆ ಅದು."

ಈ ವರ್ಷ ಆ ಕಂಪನಿಯನ್ನು ಮುಚ್ಚುವುದೆಂದಾಯಿತು. ಕೊನೆಯ ಸಲ ವಿಮಾನ ದೋಹಾಕ್ಕೆ ಬಂದ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಇಪ್ಪತ್ತು ವರ್ಷ ಅದರ ಹೊಟ್ಟೆಯ ಇಂಚಿಂಚನ್ನೂ ಲೆಕ್ಕ ಹಾಕಿದ್ದರೂ ಅವರು ಒಳಗೆ ಕಾಲಿಟ್ಟಿರಲಿಲ್ಲ. ಅವರ ಕೆಲಸ ಮೇಜಿನಲ್ಲೇ ಮುಗಿಯುತ್ತಿತ್ತು, ಕಾಗದ ಒಯ್ಯುವವರು ಬೇರೆ. ಹೇಗೋ ಇಬ್ಬರಿಗೂ ಪಾಸ್ ಮಾಡಿಸಿ, "ಯಲ್ಲಾ, ನಡಿ" ಎಂದರು.

ಬಾಗಿಲಲ್ಲಿ ನರೆತ ಮೀಸೆಯ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದ. ಒಳಗೆ ಸರಕು ಬಿಗಿಸುವವನು ಅವನೇ. "ಮಾಫಿ, ಮಾಫಿ. ನೋ ವಿಸಿಟರ್." ಮಾಫಿ ಎಂದರೆ ಅರಬ್ಬಿಯಲ್ಲಿ ಇಲ್ಲ ಎಂದು.

ಭಾವ ಅವತ್ತಿನ ಲೋಡ್ ಶೀಟ್ ಚಾಚಿದರು. ಅವನು ಕೆಳಗಿನ ಸಹಿ ನೋಡಿದ. ಆಮೇಲೆ ಭಾವನ ಮುಖ ನೋಡಿದ.

"ಯು?"

ಭಾವ ತಲೆಯಾಡಿಸಿದರು.

ಅವನು ಎರಡೂ ಕೈಯಿಂದ ಅವರ ಕೈ ಹಿಡಿದು ಒಳಗೆಳೆದುಕೊಂಡ. ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಅವನು ಹೇಳಿದ್ದಿಷ್ಟು: ಹಾರುವಾಗ ಕುದುರೆಗಳ ಪಕ್ಕದಲ್ಲೇ ಅವನ ಜಾಗ, ಬೇರೆ ಊರುಗಳಿಂದ ಹೊರಟಾಗ ತೂಕ ತಪ್ಪಿ ವಿಮಾನ ವಾಲೀತೆಂಬ ಭಯಕ್ಕೆ ದಾರಿಯುದ್ದಕ್ಕೂ ಎಚ್ಚರವಾಗಿರುತ್ತಾನೆ. "ದೋಹಾ ಪೇಪರ್, ಯುವರ್ ಸೈನ್... ಐ ಸ್ಲೀಪ್."

ಹವಾಲ್ದಾರ ಭಾವನನ್ನು ಗೋಡೆಯ ಪಕ್ಕದ ತನ್ನ ಮಡಚುವ ಸೀಟಿನಲ್ಲಿ ಕೂರಿಸಿ, ತಾನೇ ಬಗ್ಗಿ ಬೆಲ್ಟ್ ಹಾಕಿದ. ಅದನ್ನು ಬಿಚ್ಚಲು ಭಾವ ಬಹಳ ಹೊತ್ತು ಮಾಡಿದರು. ನಾನೂ ಅವಸರಪಡಿಸಲಿಲ್ಲ.