ದಯವಿಟ್ಟು ನನ್ನ ಒಂದು ಅಂಕ ಕಿತ್ತುಕೊಳ್ಳಿ

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಮೂರನೆಯ ಮಹಡಿಯಲ್ಲಿ, ಎಸಿ ಕೋಣೆಯ ಕಂಪ್ಯೂಟರಿನೊಳಗೆ ಸುಖವಾಗಿ ನೆಲೆಸಿರುವ ಶ್ರೀಯುತ ಅರ್ಹತಾಂಕ ಸೂತ್ರ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಗುಣಾಕಾರ ಭಾಗಾಕಾರಗಳೆಲ್ಲ ಸುಖವಾಗಿರಲಿ, ತಮ್ಮ ದಶಾಂಶ ಬಿಂದುವಿಗೆ ಯಾರ ದೃಷ್ಟಿಯೂ ತಾಗದಿರಲಿ, ಊರಿಗೆಲ್ಲ ಕರೆಂಟು ಹೋದಾಗಲೂ ತಮ್ಮ ಕೋಣೆಯ ತಂಪು ಮಾತ್ರ ಹೋಗದಿರಲಿ. ನಾನು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ, ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟುಕೊಂಡಿರುವ ಐವತ್ತೆಂಟು ವರ್ಷದ ಹೆಂಗಸು. ದಪ್ಪಗಾದವರ ಬಟ್ಟೆ ಬಿಚ್ಚಿ ಸಡಿಲ ಮಾಡುವುದು, ಸಣ್ಣಗಾದವರದ್ದನ್ನು ಹಿಡಿದು ಬಿಗಿ ಮಾಡುವುದು ನನ್ನ ಕಸುಬು. ತಾವೂ ಅಂಕಗಳಿಗೆ ಅದನ್ನೇ ಮಾಡುವವರಾದ್ದರಿಂದ, ಒಂದೇ ಕಸುಬಿನವರೆಂಬ ಸಲುಗೆಯಿಂದ, ಆದರೆ ದೊಡ್ಡವರೆಂಬ ಭಯಭಕ್ತಿಯಿಂದ, ನಾಲ್ಕು ಜನ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ. ತಮಗೇ ನೇರವಾಗಿ ಬರೆದಾಗಲೆಲ್ಲ 'ಈ ವಿಳಾಸಕ್ಕೆ ಉತ್ತರಿಸಬೇಡಿ' ಎಂಬ ಪ್ರೀತಿಯ ಉತ್ತರ ಬಂದಿದೆ.

ನನ್ನ ದೂರು ತೀರ ಚಿಕ್ಕದು. ತಾವು ನನಗೆ ಕಾಲೇಜಿನಲ್ಲಿ ಸೀಟು ಕೊಟ್ಟಿದ್ದೀರಿ.

ಸೀಟು ಬೇಕಾಗಿದ್ದುದು ನನ್ನ ಸೊಸೆಗೆ. ಅವಳು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಬೆಳಗಿನಿಂದ ಸಂಜೆಯವರೆಗೆ ಊರಿನವರ ಜಗಳಗಳನ್ನೆಲ್ಲ ಅಚ್ಚುಕಟ್ಟಾಗಿ ಟೈಪ್ ಮಾಡಿ, ಮನೆಗೆ ಬಂದ ಮೇಲೆ ಉಳಿದ ಶಕ್ತಿಯಲ್ಲಿ ನನ್ನೊಡನೆ ಜಗಳವಾಡುವ ಹುಡುಗಿ. ಮದುವೆಯಾಗಿ ಬಂದ ಮೊದಲ ತಿಂಗಳಿನಿಂದಲೂ ಅವಳಿಗೆ ಒಂದೇ ಹಂಬಲ. "ಇನ್ನೊಬ್ರು ಹೇಳಿದ್ದನ್ನ ಟೈಪ್ ಮಾಡಿ ಮಾಡಿ ಸಾಕಾಗಿದೆ ಅತ್ತೆ, ನಾನು ಹೇಳೋದನ್ನ ಇನ್ನೊಬ್ರು ಟೈಪ್ ಮಾಡೋ ಹಾಗಾಗ್ಬೇಕು" ಎನ್ನುತ್ತಾಳೆ. ಕೆಲಸಕ್ಕೆ ಹೋಗುವವರಿಗಾಗಿಯೇ ಇರುವ ತಮ್ಮ ಸಂಜೆ ಕಾನೂನು ಕೋರ್ಸಿಗೆ ವಯಸ್ಸಿನ ಮಿತಿಯಿಲ್ಲ ಎಂದು ಓದಿದ ದಿನ ಅವಳು ಊಟ ಮಾಡುವುದನ್ನೇ ಮರೆತಿದ್ದಳು. ಆ ಮಿತಿಯಿಲ್ಲದಿರುವುದೇ ಮುಂದೆ ತನಗೆ ಮುಳುವಾಗುತ್ತದೆಂದು ಪಾಪ ಅವಳಿಗೇನು ಗೊತ್ತು.

ನಾನು ಪ್ರವೇಶ ಪರೀಕ್ಷೆ ಬರೆದದ್ದಕ್ಕೆ ನನ್ನ ಬಾಯಿಯೇ ಕಾರಣ. ಅವಳು ನನ್ನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗೈಡು ಹರಡಿಕೊಂಡು ಕೂರುತ್ತಿದ್ದಳು, ನಾನು ಗುಂಡಿ ಹಚ್ಚುತ್ತಾ ಪ್ರಶ್ನೆ ಕೇಳುತ್ತಿದ್ದೆ. ಒಂದು ಸಂಜೆ ಅವಳು ಯಾವುದೋ ಪ್ರಶ್ನೆಗೆ ತಡವರಿಸಿದಾಗ, ಇದೇನು ಮಹಾ, ಯಾರು ಬೇಕಾದರೂ ಹೇಳುತ್ತಾರೆ ಎಂದುಬಿಟ್ಟೆ. ಹಾಗಾದರೆ ನೀವೇ ಬರೆದು ನೋಡಿ ಎಂದು ಅವಳು ಅಂದಳು. ಬರೆಯುತ್ತೇನೆ, ನಿನಗೇನು ಭಯವೇ ಎಂದು ನಾನು ಅಂದೆ. ಲಿಫ್ಟ್ ರಿಪೇರಿ ಮಾಡುವ ನನ್ನ ಮಗನನ್ನು ಇಬ್ಬರೂ ನ್ಯಾಯ ಕೇಳಿದೆವು. ಎರಡು ಮಹಡಿಗಳ ನಡುವೆ ನಿಂತು ಬದುಕುವುದು ರೂಢಿಯಾದ ಅವನು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಇಬ್ಬರೂ ಬರೆಯಿರಿ ಎಂದು ಹೇಳಿ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಎದ್ದು ಹೋದ. ಹೀಗೆ ಅತ್ತೆ ಸೊಸೆ ಒಂದೇ ಆಟೋದಲ್ಲಿ ಹೋಗಿ, ಒಂದೇ ಕೋಣೆಯಲ್ಲಿ ಕೂತು ಬರೆದು ಬಂದೆವು. ಅವಳಿಗೆ ಎಪ್ಪತ್ತಮೂರು ಬಂತು, ನನಗೆ ಎಪ್ಪತ್ತೊಂದು. ನಾನು ಸೋತೆನೆಂದು ಒಪ್ಪಿಕೊಂಡು ಅಂದು ಅವಳ ಪಾಲಿನ ಪಾತ್ರೆಯನ್ನೂ ತೊಳೆದೆ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಅಲ್ಲಿಗೆ ತಾವು ದಯಮಾಡಿಸಿದಿರಿ.

ತಮ್ಮ ಲೆಕ್ಕವನ್ನು ಸೊಸೆ ನನಗೆ ಬಿಡಿಸಿ ಹೇಳಿದ್ದಾಳೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಬಂದ ಅಂಕವನ್ನು ತಾವು ಇದ್ದ ಹಾಗೆಯೇ ನಂಬುವುದಿಲ್ಲ. ಆ ವರ್ಷ ಎಲ್ಲರಿಗಿಂತ ಹೆಚ್ಚು ತೆಗೆದವರನ್ನು ನೂರು ಎಂದಿಟ್ಟುಕೊಂಡು ಉಳಿದವರನ್ನು ಅದೇ ಅಳತೆಗೆ ಹಿಗ್ಗಿಸುತ್ತೀರಿ. ಅದರ ಅರ್ಧಕ್ಕೆ ಪ್ರವೇಶ ಪರೀಕ್ಷೆಯ ಅರ್ಧ ಕೂಡಿಸಿದರೆ ಅರ್ಹತಾಂಕ. ಸೊಸೆ ಶಾಲೆ ಮುಗಿಸಿದ ವರ್ಷ ಯಾರೋ ಪುಣ್ಯಾತ್ಮರು ನೂರಕ್ಕೆ ನೂರು ತೆಗೆದಿದ್ದರಿಂದ ಅವಳ ಎಂಬತ್ತೆಂಟು ಎಂಬತ್ತೆಂಟಾಗಿಯೇ ಉಳಿಯಿತು. ನಾನು ಶಾಲೆ ಮುಗಿಸಿದ್ದು ಮಾಸ್ತರರು ಅಂಕವನ್ನು ತಮ್ಮ ಸ್ವಂತ ಜೇಬಿನಿಂದ ತೆಗೆದುಕೊಡುವವರಂತೆ ಕೊಡುತ್ತಿದ್ದ ಕಾಲದಲ್ಲಿ. ಆ ವರ್ಷ ಎಲ್ಲರಿಗಿಂತ ಮೊದಲು ಬಂದವನಿಗೇ ಅರವತ್ತು. ಅವನನ್ನು ನೋಡಲು ಪಕ್ಕದ ಬೀದಿಯವರು ಬಂದಿದ್ದರು. ನನಗೆ ಐವತ್ತನಾಲ್ಕು ಬಂದಿತ್ತು. ತಾವು ಅವನ ಅರವತ್ತನ್ನು ನೂರು ಮಾಡಿ, ಅದೇ ಗುಂಗಿನಲ್ಲಿ ನನ್ನ ಐವತ್ತನಾಲ್ಕನ್ನು ತೊಂಬತ್ತು ಮಾಡಿದಿರಿ.

ಮಹೋದಯರೇ, ನಾನು ಇಷ್ಟು ವರ್ಷ ಬಟ್ಟೆ ಬಿಚ್ಚಿ ಹೊಲಿದಿದ್ದೇನೆ. ರವಿಕೆಯನ್ನು ಅರ್ಧ ಇಂಚು ಸಡಿಲ ಮಾಡಬೇಕಾದರೂ ಒಳಗೆ ಮೊದಲೇ ಬಟ್ಟೆ ಬಿಟ್ಟಿರಬೇಕು. ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು? ತಾವು ನನ್ನ ಐವತ್ತನಾಲ್ಕರ ಒಳಗಿನಿಂದ ಮೂವತ್ತಾರು ಅಂಕ ಹೊರತೆಗೆದಿರಿ. ಈ ಕೈಚಳಕ ನನಗೆ ಬಂದಿದ್ದರೆ ಬಸ್ ನಿಲ್ದಾಣದ ಹಿಂದೆ ಯಾಕೆ ಕೂರುತ್ತಿದ್ದೆ? ನನ್ನ ಐವತ್ತನಾಲ್ಕನ್ನು ಜೀವಮಾನವಿಡೀ ಆಡಿಕೊಂಡ ನನ್ನ ಅಣ್ಣನಿಗೆ ಫೋನು ಮಾಡಿ, ಅದು ತೊಂಬತ್ತಾಗಿತ್ತಂತೆ ಕಣೋ, ಯಾರೂ ಸರಿಯಾಗಿ ನೋಡಿರಲಿಲ್ಲ ಎಂದು ಹೇಳಿದ ಸುಖಕ್ಕೆ ಮಾತ್ರ ನಾನು ತಮಗೆ ಸದಾ ಋಣಿ.

ಈಗ ಕೂಡಿಸಿ ನೋಡಿ. ಅವಳ ಎಂಬತ್ತೆಂಟು, ಎಪ್ಪತ್ತಮೂರು. ನನ್ನ ತೊಂಬತ್ತು, ಎಪ್ಪತ್ತೊಂದು. ಇಬ್ಬರದ್ದೂ ಎಂಬತ್ತೂವರೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ದೊಡ್ಡವರು ಹೇಳಿದ್ದರು, ತಾವು ಇಬ್ಬರಿಗೂ ಒಂದೇ ಕಾಲ ತಂದಿರಿ. ಸೀಟು ನಲವತ್ತು, ನಲವತ್ತನೆಯ ಕ್ರಮಾಂಕದಲ್ಲಿ ನಾವಿಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತೆವು. ಆಗ ತಮ್ಮ ಇನ್ನೊಂದು ನಿಯಮ ಕೆಮ್ಮಿ ಗಂಟಲು ಸರಿಮಾಡಿಕೊಂಡು ಎದ್ದಿತು: ಅರ್ಹತಾಂಕ ಸಮನಾದಾಗ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ. ಬಸ್ಸಿನಲ್ಲಿ ಯಾರೂ ನನಗೆ ಸೀಟು ಬಿಟ್ಟುಕೊಡದ ಈ ಕಾಲದಲ್ಲಿ ತಾವು ಕಾಲೇಜಿನಲ್ಲಿ ಬಿಟ್ಟುಕೊಟ್ಟಿರಿ. ಇಂಥ ಸಂಸ್ಕಾರ ಯಾವ ಶಾಲೆಯಲ್ಲಿ ಕಲಿತಿರೋ, ಅಲ್ಲಿ ತಮಗೆ ನೂರಕ್ಕೆ ಎಷ್ಟು ಬಂದಿತ್ತೋ.

ಮನೆಯಲ್ಲಿ ಅಂದು ಯಾರೂ ಯಾರ ಮೇಲೂ ರೇಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸೊಸೆ ಪಟ್ಟಿ ನೋಡಿ ನಕ್ಕಳು, ಅಭಿನಂದನೆ ಹೇಳಿದಳು, ಟೀ ಮಾಡಿಕೊಟ್ಟಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡಳು. ನಲ್ಲಿ ಯಾಕೆ ಬಿಡುತ್ತಾರೆಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು, ಆ ತುತ್ತು ಕಿತ್ತುಕೊಂಡ ಕೈ ನನ್ನದಾಯಿತು.

ಮರುದಿನವೇ ಅಂಗಡಿಗೆ ಬೀಗ ಹಾಕಿ ತಮ್ಮ ಕೌಂಟರಿಗೆ ಬಂದೆ. ಅಲ್ಲಿ ಗಾಜಿನ ಹಿಂದೆ ಕೂತಿದ್ದ ಗುಮಾಸ್ತರು ಬಹಳ ಒಳ್ಳೆಯವರು, ಅಂಗಿಯ ಮೂರನೆಯ ಗುಂಡಿ ಮಾತ್ರ ಸಡಿಲವಾಗಿತ್ತು. ನನ್ನ ಸೀಟನ್ನು ಸೊಸೆಗೆ ಕೊಟ್ಟುಬಿಡಿ ಎಂದೆ. ಆಗುವುದಿಲ್ಲ ಎಂದರು. ಒಂದು ಕ್ರಮಾಂಕದ ಬಗ್ಗೆ ಒಂದೇ ಸಲ ತೀರ್ಮಾನ. ಹಿರಿಯರು ಬೇಡವೆಂದರೆ ಆ ಕ್ರಮಾಂಕವೇ ಮುಗಿದಂತೆ, ಸೀಟು ನಲವತ್ತೊಂದನೆಯವರಿಗೆ ಹೋಗುತ್ತದೆ ಎಂದರು. ಅಂದರೆ ನಾನು ಬಿಟ್ಟರೂ ಅವಳಿಗಿಲ್ಲ. ಹಾಗಾದರೆ ನನ್ನದೊಂದು ಅಂಕ ಕಿತ್ತುಕೊಳ್ಳಿ, ಅವಳು ಮುಂದೆ ಹೋಗಲಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅಂಕ ಹೆಚ್ಚು ಮಾಡಿ ಎಂದು ಅಳುವವರನ್ನು ಅವರು ದಿನಾ ನೋಡಿದ್ದಾರಂತೆ. ಕೊನೆಗೆ, ಮರುಮೌಲ್ಯಮಾಪನಕ್ಕೆ ಹಾಕಿ ನೋಡಿ ಅಮ್ಮಾ ಎಂದರು.

ಹಾಕಿದೆ. ಕಾರಣದ ಜಾಗದಲ್ಲಿ, 'ಹನ್ನೆರಡನೆಯ ಪ್ರಶ್ನೆಗೆ ನನಗೆ ಅನ್ಯಾಯವಾಗಿ ಅಂಕ ಬಂದಿದೆ' ಎಂದು ಬರೆದೆ. ಒಂದೇ ನಲ್ಲಿಯ ನೀರಿಗಾಗಿ ಜಗಳವಾಡುವ ಎರಡು ಮನೆಗಳನ್ನು ಹೇಗೆ ರಾಜಿ ಮಾಡಿಸುತ್ತೀರಿ ಎಂಬ ಪ್ರಶ್ನೆ ಅದು. ಅತ್ತೆ ಸೊಸೆ ಇರುವ ಮನೆಯವಳಿಗೆ ಇಂಥದ್ದನ್ನು ಕೇಳಬಾರದು. ನಾನು ಓದಿ ಬರೆದಿರಲಿಲ್ಲ, ಅನುಭವದಿಂದ ಬರೆದಿದ್ದೆ, ಅದನ್ನು ನಕಲು ಎಂದು ಪರಿಗಣಿಸಿ ಅಂಕ ಕಳೆಯಬೇಕೆಂದು ವಿನಂತಿಸಿಕೊಂಡಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಮ್ಮ ಪರೀಕ್ಷಕರು ಆ ಉತ್ತರವನ್ನು ಮತ್ತೊಮ್ಮೆ ಓದಿ, ಸಂತೋಷಪಟ್ಟು, ಇನ್ನೊಂದು ಅಂಕ ಸೇರಿಸಿದರು. ಎಪ್ಪತ್ತೊಂದು ಎಪ್ಪತ್ತೆರಡಾಯಿತು, ನಾನು ಎಂಬತ್ತೊಂದಕ್ಕೆ ಏರಿದೆ. ಇಳಿಸಿ ಎಂದು ಕಾಲು ಹಿಡಿದವಳನ್ನು ಹೆಗಲ ಮೇಲೆ ಕೂರಿಸಿಕೊಂಡ ಮಹಾನುಭಾವರು ತಾವು.

ಇಲ್ಲಿ ಒಂದು ಸತ್ಯ ಹೇಳಬೇಕು. ಹೊಸ ಪಟ್ಟಿಯ ಜೊತೆಗೆ ಒಂದು ಕಾರ್ಡು ಬಂತು. ಅದರಲ್ಲಿ ನನ್ನ ಹೆಸರು, ಅದರ ಕೆಳಗೆ 'ವಿದ್ಯಾರ್ಥಿನಿ' ಎಂದು ಅಚ್ಚಾಗಿತ್ತು. ಅತ್ತೆ, ಅಮ್ಮ, ಆಂಟಿ, ಟೈಲರಮ್ಮ, ಎಲ್ಲ ಆಗಿದ್ದೇನೆ. ಇದೊಂದು ಆಗಿ ಬಹಳ ಕಾಲವಾಗಿತ್ತು. ಕಾರ್ಡನ್ನು ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟು, ದಾರದ ಉಂಡೆ ತೆಗೆಯುವ ನೆಪದಲ್ಲಿ ಆಗಾಗ ನೋಡಿದೆ. ಸುಳ್ಳೇಕೆ, ನನಗೆ ಆಸೆಯಾಯಿತು. ಪುಸ್ತಕ ಹಿಡಿದು, ಹಿಂದಿನ ಬೆಂಚಿನಲ್ಲಾದರೂ ಸರಿ, ಒಂದು ಸಂಜೆ ಹೋಗಿ ಕೂರಬೇಕೆನಿಸಿತು. ಅದು ಸೊಸೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ವಕೀಲರ ಮನೆಯ ಕೂಳು ತಿನ್ನದಿದ್ದರೂ ಅವರ ಕಚೇರಿಯ ಗಾಳಿ ಕುಡಿದವಳು. ನನ್ನೆದುರು ಸ್ಟೂಲು ಎಳೆದುಕೊಂಡು ಕೂತು ನೇರವಾಗಿ ಕೇಳಿದಳು, "ಅತ್ತೆ, ಸೀಟು ನಿಮಗೆ ಬೇಕಾ? ನಿಜ ಹೇಳಿ."

"ಬೇಕು ಕಣೆ" ಎಂದೆ. "ಆದ್ರೆ ನಿನಗೆ ಬೇಕಿರೋಷ್ಟು ಬೇಡ."

ಅವಳು ನನ್ನ ಕೈಯಲ್ಲಿದ್ದ ಪ್ಯಾಂಟನ್ನು ತೆಗೆದುಕೊಂಡು ಉಳಿದ ಅಂಚನ್ನು ತಾನೇ ಹೊಲಿದಳು. ಹೊಲಿಗೆ ಸೊಟ್ಟಗಾಗಿತ್ತು. ಆ ರಾತ್ರಿ ನಾನು ಅದನ್ನು ಬಿಚ್ಚಲಿಲ್ಲ.

ಮತ್ತೆ ಕೌಂಟರಿಗೆ ಹೋದಾಗ ಗುಮಾಸ್ತರು ಹೊಸ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ಕನ್ನಡಕ ಒರೆಸಿ, ಇನ್ನೊಮ್ಮೆ ನೋಡಿದರು. "ಅಮ್ಮಾ, ಈಗ ನೀವಿಬ್ರೂ ಸಮ ಅಲ್ಲ. ನೀವು ನಲವತ್ತು, ಅವರು ನಲವತ್ತೊಂದು. ನೀವು ಬಿಟ್ರೆ ಅವರಿಗೇ ಹೋಗತ್ತೆ" ಎಂದರು. ಸಮನಾಗಿದ್ದಾಗ ಕೊಡಲಾಗದ್ದನ್ನು ಮೇಲಾದ ಮೇಲೆ ಕೊಡಬಹುದಂತೆ. ತಾವು ತಪ್ಪಿ ಕೊಟ್ಟ ಒಂದು ಅಂಕ ಅವಳ ದಾರಿ ಬಿಡಿಸಿತು. ಅಲ್ಲಿಯೇ ರುಜು ಹಾಕಿ, ಕಾರ್ಡು ಹಿಂದಿರುಗಿಸಿ, ನನ್ನ ಚೀಲದಲ್ಲಿ ಸದಾ ಇರುವ ಸೂಜಿ ದಾರ ತೆಗೆದು, ಗಾಜಿನ ಕೆಳಗಿನ ಕಿಂಡಿಯಿಂದ ಅವರ ಮೂರನೆಯ ಗುಂಡಿ ಬಿಗಿ ಮಾಡಿಕೊಟ್ಟು ಬಂದೆ. ನಿನ್ನೆಯಿಂದ ಸೊಸೆ ತರಗತಿಗೆ ಹೋಗುತ್ತಿದ್ದಾಳೆ. ಮೊದಲ ದಿನವೇ ಬಂದು, ಅಡುಗೆಮನೆಯ ಕೆಲಸ ಹಂಚುವುದರಲ್ಲಿ ನಾನು ಸಹಜ ನ್ಯಾಯದ ತತ್ತ್ವ ಉಲ್ಲಂಘಿಸಿದ್ದೇನೆ ಎಂದಳು.

ಆದ್ದರಿಂದ ಮಹೋದಯರಲ್ಲಿ ನನ್ನ ಬಿನ್ನಹವಿಷ್ಟೆ. ಇಷ್ಟು ಕರುಣೆ ಇರುವ ತಾವು ಕಾಲೇಜಿಗೆ ಮಾತ್ರ ಸೀಮಿತರಾಗಿ ಕೂರಬಾರದು. ದಯಮಾಡಿ ನಮ್ಮ ವೈದ್ಯರ ತೂಕದ ಯಂತ್ರಕ್ಕೂ ಪ್ರವೇಶಿಸಿ, ಈ ವಾರ ಬಂದವರಲ್ಲಿ ಅತಿ ಭಾರದವರನ್ನು ನೂರೆಂದಿಟ್ಟುಕೊಂಡು ನನ್ನನ್ನು ತೆಳ್ಳಗೆ ಮಾಡಿಕೊಡಿ. ನನ್ನ ವಯಸ್ಸನ್ನೂ ಊರಿನ ಅತಿ ಹಿರಿಯ ಅಜ್ಜಿಯೊಡನೆ ಹೋಲಿಸಿ ಇಳಿಸಿಕೊಡಿ. ಅದಾಗದಿದ್ದರೆ ನಾನು ಮೂವತ್ತು ವರ್ಷ ತಡವಾಗಿ ಹುಟ್ಟಲು ಅರ್ಜಿ ಯಾವ ಕೌಂಟರಿನಲ್ಲಿ ಎಂದಾದರೂ ತಿಳಿಸಿ. ಮತ್ತು ನನ್ನ ಐವತ್ತನಾಲ್ಕನ್ನು ತೊಂಬತ್ತು ಮಾಡಿದಿರಲ್ಲ, ಆ ಸುದ್ದಿಯನ್ನು ಆ ವರ್ಷವೇ, ನಮ್ಮ ತಂದೆ ನನ್ನ ಅಂಕಪಟ್ಟಿ ನೋಡಿ ಓದು ಸಾಕು, ಹೊಲಿಗೆ ಕಲಿ ಎನ್ನುವ ಮೊದಲೇ, ಮನೆಗೆ ತಲುಪಿಸುವ ಏರ್ಪಾಡು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇದು ತಮಗೆ ಸ್ವಲ್ಪ ಕಷ್ಟವಾಗಬಹುದು.

ತಮ್ಮಿಂದ ಹಿಗ್ಗಿದ, ತಮಗಾಗಿ ಕುಗ್ಗಲೂ ಸಿದ್ಧಳಾಗಿದ್ದ,

ತಮ್ಮ ವಿಶ್ವಾಸಿ,
ನಲವತ್ತನೆಯ ಕ್ರಮಾಂಕದ ಅತ್ತೆ

ತಾಜಾ ಕಲಂ: ಮುಂದಿನ ವರ್ಷ ನಾನು ಮತ್ತೆ ಅರ್ಜಿ ಹಾಕುತ್ತೇನೆ. ಸೊಸೆಯೇ ಪ್ರಶ್ನೆ ಕೇಳುತ್ತಾಳಂತೆ, ಅವಳು ಆಗ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿರಿಯಳಾಗಿರುತ್ತಾಳಂತೆ, ನಾನು ಎದ್ದು ನಿಂತು ನಮಸ್ಕಾರ ಹೇಳಬೇಕಂತೆ. ಅದು ನಾವು ನಾವು ನೋಡಿಕೊಳ್ಳುತ್ತೇವೆ. ತಮಗೆ ಹೇಳುವುದು ಇಷ್ಟೇ: ಯಾರೊಂದಿಗಾದರೂ ನನ್ನ ಅರ್ಹತಾಂಕ ಸಮನಾದರೆ ತಮ್ಮ ನಿಯಮ ನೆನಪಿರಲಿ. ಆಗ ನನಗೆ ಐವತ್ತೊಂಬತ್ತು ತುಂಬಿರುತ್ತದೆ, ಅದೊಂದನ್ನು ಯಾವ ಮರುಮೌಲ್ಯಮಾಪನದಲ್ಲೂ ತಾವು ಇಳಿಸಲಾರಿರಿ.