ಗಡ್ಡಕ್ಕೊಂದು ಬ್ಲೇಡು

ಇಷ್ಟಕ್ಕೆಲ್ಲ ಕಾರಣ ಆರೋಗ್ಯ ಕೇಂದ್ರದ ನರ್ಸಮ್ಮ. ಹಿಂದಿನ ಸಂಜೆ ಅವರು ಊರಿನ ಕ್ಷೌರಿಕರನ್ನೆಲ್ಲ ಕೂರಿಸಿಕೊಂಡು ಲಿವರಿಗೆ ತಗಲುವ ವೈರಸ್ಸಿನ ಬಗ್ಗೆ ಪಾಠ ಮಾಡಿದ್ದರು. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿಗೆ ಅಂಟಿದ್ದರೂ ಸಾಕು, ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟೀತು. ಎಷ್ಟೋ ಸಲ ವರ್ಷಗಟ್ಟಲೆ ಹೊರಗೆ ತೋರಿಸಿಕೊಳ್ಳದೆ ಒಳಗೊಳಗೇ ಕೊರೆಯುತ್ತದೆ. ಮಿಕ್ಕವರು ಆಕಳಿಸುತ್ತ ಬಿಸ್ಕತ್ತು ತಿಂದು ಎದ್ದುಹೋದರು. ಮೂಲೆ ಅಂಗಡಿಯ ಕ್ಷೌರಿಕ ಮಾತ್ರ ಬಿಸ್ಕತ್ತು ಕೈಯಲ್ಲೇ ಹಿಡಿದು ಬೆವರಿದ.

ಬೆಳಿಗ್ಗೆ ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ತರು. ಕ್ಷೌರಿಕ ಮುಖಕ್ಕೆ ನೊರೆ ಹಚ್ಚಿ, ಮಂತ್ರಿಗಳು ಪರದೆ ಸರಿಸುವ ಗತ್ತಿನಲ್ಲಿ ಹೊಸ ಬ್ಲೇಡಿನ ಕಾಗದ ಬಿಚ್ಚಿದ.

"ಇದೇನಯ್ಯ ಹೊಸ ನಾಟಕ?"

"ಲಿವರ್ ವೈರಸ್ಸು ಸಾರ್. ಬ್ಲೇಡಿನಿಂದ ಹರಡುತ್ತಂತೆ."

"ಅಂದ್ರೆ ನನಗೆ ಕಾಯಿಲೆ ಅಂತೀಯಾ?"

"ಅಯ್ಯೋ, ನಿಮಗಲ್ಲ ಸಾರ್!"

"ಮತ್ತ್ಯಾರಿಗೆ? ಇಲ್ಲಿರೋದು ನಾವಿಬ್ಬರೇ!"

ಮಾಸ್ತರು ನೊರೆ ಒರೆಸಿಕೊಂಡು ಎದ್ದು ನಡೆದರು. ಬೀದಿಯ ಲೆಕ್ಕ ಸರಳವಾಗಿತ್ತು: ಮಾಸ್ತರಿಗಲ್ಲದಿದ್ದರೆ ಕ್ಷೌರಿಕನಿಗೇ. ಹತ್ತು ಗಂಟೆಗೆ ಅವನಿಗೆ ಕಾಮಾಲೆ ಹಿಡಿಯಿತು, ಹನ್ನೊಂದಕ್ಕೆ ಲಿವರ್ ಅರ್ಧ ಕೊಳೆಯಿತು. ಹನ್ನೆರಡಕ್ಕೆ ಪಕ್ಕದ ಟೈಲರಮ್ಮ ಮೂಗಿಗೆ ಲೈನಿಂಗ್ ಬಟ್ಟೆ ಒತ್ತಿಕೊಂಡು ಬಾಗಿಲಲ್ಲಿ ನಿಂತರು.

"ಅಂಗಡಿ ಯಾರಿಗೆ ಬಿಟ್ಟುಹೋಗ್ತೀರಣ್ಣ? ನನಗೂ ಜಾಗ ಸಾಲ್ತಿಲ್ಲ."

"ಉಸಿರಿಂದ ಬರಲ್ಲ ತಾಯಿ, ಮುಟ್ಟಿದರೂ ಬರಲ್ಲ. ಅದೂ ಅಲ್ದೆ ನನಗೆ ಕಾಯಿಲೆಯೇ ಇಲ್ಲ!"

"ಪಾಪ, ಮೊದಮೊದಲು ಎಲ್ಲರೂ ಹಾಗೇ ಅಂತಾರೆ."

ಗಿರಾಕಿಗಳೆಲ್ಲ ಎದುರಿನ ಅಂಗಡಿಗೆ ಜಾರಿದರು. ಅದು ಅವನ ಷಡ್ಡಕನದು. ಅವನೂ ಪಾಠಕ್ಕೆ ಬಂದಿದ್ದ. ಆರು ಬಿಸ್ಕತ್ತು ಮುಗಿಸಿದ್ದ. ಇಪ್ಪತ್ತು ವರ್ಷ ನಡೆಸಿದ ಅಂಗಡಿ ಒಂದೇ ಹಗಲಿಗೆ ಮುಚ್ಚುವ ಹಾಗಿದೆಯೆಂದು ಹೆದರಿ ಕ್ಷೌರಿಕ ಆರೋಗ್ಯ ಕೇಂದ್ರಕ್ಕೆ ಓಡಿ ರಕ್ತ ಕೊಟ್ಟ. ಸಂಜೆ ವರದಿ ಸಿಕ್ಕಿತು: ವೈರಸ್ ಇಲ್ಲ.

ಕಾಗದವನ್ನು ಬಾವುಟದಂತೆ ಎತ್ತಿಹಿಡಿದು ಷಡ್ಡಕನ ಅಂಗಡಿ ಮುಂದೆ ಕಾಯುತ್ತಿದ್ದ ಗುಂಪಿನೆದುರು ನಿಂತ. ಮಾಸ್ತರು ಕನ್ನಡಕ ಹಾಕಿ ಎರಡು ಸಲ ಓದಿದರು. ತಪ್ಪೇನೂ ಸಿಗದೆ ಅವರಿಗೆ ಸ್ವಲ್ಪ ಬೇಸರವಾಯಿತು.

"ಸರಿ ಕಣಯ್ಯ, ನಿನಗೇನಿಲ್ಲ. ನಡೀರಿ, ಇವನಲ್ಲಿಗೇ ಹೋಗೋಣ."

ಗುಂಪು ಎದ್ದಿತು. ಕ್ಷೌರಿಕನ ಕಣ್ಣು ತುಂಬಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಸಂತೋಷ ತಡೆಯಲಾರದೆ ಕೂಗಿದ:

"ನೀವು ನಿಶ್ಚಿಂತೆಯಾಗಿರಿ! ಇವತ್ತಿನಿಂದ ಒಬ್ಬೊಬ್ಬರಿಗೂ ಹೊಸ ಬ್ಲೇಡು!"

ಗುಂಪು ನಿಂತಿತು.

"ಇವತ್ತಿನಿಂದ?" ಅಂದರು ಮಾಸ್ತರು. "ನಿನ್ನೆವರೆಗೆ?"

ಹನ್ನೆರಡು ಕೈಗಳು ಹನ್ನೆರಡು ಕೆನ್ನೆಗಳನ್ನು ಸವರಿಕೊಂಡವು.

"ಕೊಲೆಗಡುಕ! ಇಪ್ಪತ್ತು ವರ್ಷ ನಮ್ಮ ಲಿವರ್ ಜೊತೆ ಆಟ ಆಡಿದ್ಯಾ?"

"ತಪ್ಪಾಯ್ತು ಸಾರ್... ನೀವೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಆ ವೈರಸ್ಸಲ್ಲಿ ಒಂದು ಬಗೆಯದಕ್ಕೆ ಲಸಿಕೆಯೂ ಇದೆಯಂತೆ..."

ಕೇಳುವವರು ಯಾರು? ಎಲ್ಲರೂ ಹಲ್ಲು ಕಡಿಯುತ್ತ ತಿರುಗಿ ಷಡ್ಡಕನ ಬೆಂಚಿನ ಮೇಲೆ ಸಾಲಾಗಿ ಕೂತರು.

"ನನ್ನಲ್ಲಿ ಅಂಥ ಹೊಸ ಪದ್ಧತಿ ಯಾವುದೂ ಇಲ್ಲಪ್ಪ," ಎಂದು ಷಡ್ಡಕ ಅಭಯವಿತ್ತು, ಬೆಳಗಿನಿಂದ ಒಂದೇ ಸಮನೆ ದುಡಿದು ಸುಸ್ತಾಗಿದ್ದ ಬ್ಲೇಡನ್ನು ಹೆಬ್ಬೆರಳಿಗೆ ಒರೆಸಿದ. "ಮುಂದಿನೋರು ಬನ್ನಿ!"