ಎರಡು ಕಡ್ಡಿ, ಒಂದು ಮೊಬೈಲು

ಕೈಯಲ್ಲಿ ಎರಡು ಕಡ್ಡಿ, ಮುಂದೆ ಒಂದು ಮೊಬೈಲು ಇಟ್ಟುಕೊಂಡು ಕೂತ ಹೆಂಗಸಿಗೆ ನಗುವಂಥದ್ದು ಏನಾದರೂ ಒಂದು ಆಗುತ್ತಲೇ ಇರುತ್ತದೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಬ್ಲೌಸ್ ಹೊಲಿಯೋದು ನನ್ನ ಕಸುಬು. ಮಳೆಗಾಲದಲ್ಲಿ ಗಿರಾಕಿ ಕಮ್ಮಿ, ಚಳಿ ಜಾಸ್ತಿ. ಹಾಗಾಗಿ ವಿಡಿಯೋ ನೋಡಿಕೊಂಡು ಸ್ವೆಟರ್ ಹೆಣೆಯೋದು ಕಲಿತೆ.

೧. ಎಡಗೈ ಟೀಚರಮ್ಮ

ಮೊದಲು ಸಿಕ್ಕ ಟೀಚರಮ್ಮ ಯಾವುದೋ ದೂರದೇಶದವಳು. ಅವಳ ಮಾತು ಒಂದೂ ತಿಳಿಯದು, ಬೆರಳು ನೋಡಿಕೊಂಡೇ ಕಲಿತೆ. ಅವಳು ಕಡ್ಡಿ ಹಿಡಿದಂಗೆ ಹಿಡಿದೆ, ನೂಲು ಸುತ್ತಿದಂಗೆ ಸುತ್ತಿದೆ. ಒಂದು ತಿಂಗಳು ಒದ್ದಾಡಿ ಅತ್ತೆಗೊಂದು ಮಫ್ಲರ್ ಮುಗಿಸಿದೆ. ಆಮೇಲೆ ಬೇರೆ ವಿಡಿಯೋ ನೋಡಿದರೆ ಎಲ್ಲಾ ಉಲ್ಟಾ! ನನ್ನ ಟೀಚರಮ್ಮ ಎಡಚಿ. ಬಲಗೈಯವಳಾದ ನಾನು ಇಡೀ ಮಫ್ಲರನ್ನು ಎಡಗೈಯಲ್ಲಿ ಹೆಣೆದಿದ್ದೆ.

ಹಟ ಹಿಡಿದು ಬಲಗೈಯಲ್ಲೂ ಕಲಿತೆ. ಈಗ ಎರಡೂ ಕೈಯಲ್ಲಿ ಬರುತ್ತದೆ. ಸುತ್ತ ಹತ್ತೂರಲ್ಲಿ ಇನ್ಯಾರಿಗೆ ಬರುತ್ತೆ, ತೋರಿಸಿ! ಇದನ್ನೇ ಅತ್ತೆಯ ಮುಂದೆ ಕೊಚ್ಚಿಕೊಂಡೆ. ಅವರು ಕತ್ತಿನ ಮಫ್ಲರನ್ನು ನಿಧಾನವಾಗಿ ಬಿಚ್ಚಿದರು.

"ಅಲ್ಲ ಕಣಮ್ಮಿ, ನೆಂಟ್ರಿಗೆ ಒಂದು ಲೋಟ ನೀರು ಎಡಗೈಲಿ ಕೊಟ್ರೆ ಮುನಿಸ್ಕತಾರೆ. ನೀನು ನಂಗೆ ಪೂರ್ತಿ ಮಫ್ಲರೇ ಎಡಗೈಲಿ ಕೊಟ್ಟಿದ್ದೀಯಲ್ಲ!"

೨. ತಿದ್ದಿ ತೋರಿಸು

ನೋಡಿ ಹೆಣೆಯೋದು ಬಂದ ಮೇಲೆ ನನ್ನದೇ ಡಿಸೈನ್ ಮಾಡುವ ಹುಚ್ಚು ಹತ್ತಿತು. ಮಗಳ ಚೌಕದ ಗೆರೆ ಪುಸ್ತಕದ ಕೊನೇ ಹಾಳೆಯಲ್ಲಿ, ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ಗುರುತು ಹಾಕಿ ರಾಗಿ ತೆನೆ ಬರೆದೆ. ಹೆಣೆದರೆ ತೆನೆ ಒಂದು ಕಡೆಗೆ ವಾಲಿತು. ಬಿಚ್ಚಿದೆ, ಹೆಣೆದೆ, ಮತ್ತೆ ವಾಲಿತು. ಮೂರನೇ ಸಲಕ್ಕೆ ಅಳು ಬಂತು.

ಮಗಳು ಅದೇ ಪುಸ್ತಕವನ್ನು ಹೋಂವರ್ಕ್ ಅಂತ ಮೇಷ್ಟ್ರಿಗೆ ಒಪ್ಪಿಸಿದ್ದಳು. ವಾಪಸ್ ಬಂದಾಗ ನನ್ನ ತೆನೆಯ ಪಕ್ಕದಲ್ಲಿ ಕೆಂಪು ಇಂಕು: "ಎಡ ಬಲ ಸಮ ಇಲ್ಲ. ಹನ್ನೆರಡನೇ ಸಾಲಿನಲ್ಲಿ ಒಂದು ಚೌಕ ಕಡಿಮೆ. ತಿದ್ದಿ ತೋರಿಸು."

ಎಣಿಸಿದೆ. ಹೌದು, ಒಂದು ಕಡಿಮೆ! ತಿದ್ದಿ ಹೆಣೆದೆ, ತೆನೆ ನೆಟ್ಟಗೆ ನಿಂತಿತು. ತೋರಿಸು ಅಂದಿದ್ದಾರಲ್ಲ, ಆ ಸ್ವೆಟರನ್ನೇ ತೊಡಿಸಿ ಮಗಳನ್ನು ಸ್ಕೂಲಿಗೆ ಕಳಿಸಿದೆ. ಸಂಜೆ ಮುಖ ಊದಿಸಿಕೊಂಡು ಬಂದಳು.

"ಅವ್ವ, ಮೇಷ್ಟ್ರು ನಿಂಗೆ ಹತ್ತಕ್ಕೆ ಹತ್ತು ಕೊಟ್ರು. ನಂಗೆ ನಾಕು!"

೩. ಕಾಡಿನ ಪರೀಕ್ಷೆ

ಅಕ್ಕನ ಮೊಮ್ಮಗುವಿಗೆ ಆನೆ ಚಿತ್ರದ ಸ್ವೆಟರ್ ಹೆಣೆದೆ. ಆನೆ ಬರೆದವಳೂ ನಾನೇ. ವೀರನಹೊಸಹಳ್ಳಿಯ ನಮ್ಮ ಭಾವ ಕಾಡು ಕಾಯುವ ಕೆಲಸದಲ್ಲಿದ್ದವರು. ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನಮ್ಮ ಕಾಡಿಂದಲ್ಲ ಬುಡು. ನಮ್ಮಲ್ಲಿ ಐದು ಕಾಲಿನ ಆನೆ ಇಲ್ಲ."

"ಅಯ್ಯೋ ಭಾವ, ಅದು ಸೊಂಡ್ಲು!"

"ಸರಿ, ಬಾಲ ಎಲ್ಲಿ?"

"ಆನೆ ನಿಮ್ ಕಡೆ ಮುಖ ಮಾಡಿ ನಿಂತದೆ. ಬಾಲ ಬೇಕಾದ್ರೆ ಹಿಂದಕ್ಕೆ ಹೋಗಿ ನೋಡಿ."

ಭಾವ ಸ್ವೆಟರ್ ತಿರುಗಿಸಿದರು. ಬೆನ್ನ ಮೇಲೆ ಬಾಲ ಇತ್ತು!

೪. ಎದೆ ಮೇಲಿನ ಎಲೆ

ನಮ್ಮ ಕಡೆ ಹೊಲದ ತುಂಬ ಹೊಗೆಸೊಪ್ಪು. ಆ ಎಲೆಯ ಅಗಲ, ನಡುದಂಟು, ನರ ಎಲ್ಲ ನೋಡಿ ನೋಡಿ ಬರೆದ ಡಿಸೈನ್ ಅಂದರೆ ನನಗೆ ಪ್ರಾಣ. ಆ ಸ್ವೆಟರ್ ತೊಟ್ಟು ನೂಲು ತರಲು ಬೈಲಕುಪ್ಪೆಗೆ ಹೋದೆ. ಅಂಗಡಿಯ ಟಿಬೆಟನ್ ಅಜ್ಜಿ ಚಿಕ್ಕಂದಿನಿಂದ ಹೆಣೆದವರು. ಅವರ ಮುಂದೆ ನಿಲ್ಲೋಕೆ ನನಗೆ ಅಳುಕು. ಅವರು ನನ್ನ ಸ್ವೆಟರಿನ ಅಂಚು ಹಿಡಿದು ಒಳಮಗ್ಗುಲು ತಿರುಗಿಸಿದರು.

"ಯಾವ ದೇಶದ ಡಿಸೈನು?"

"ಪಿರಿಯಾಪಟ್ಟಣದ್ದು ಅಜ್ಜಿ. ನಾನೇ ಮಾಡಿದ್ದು."

"ಒಳಗಡೆ ಒಂದು ಗಂಟೂ ಇಲ್ಲ. ಇಷ್ಟು ವರ್ಷ ಕಡ್ಡಿ ಹಿಡ್ದಿದ್ದೀನಿ, ಈ ಎಲೆ ಎಲ್ಲೂ ನೋಡಿಲ್ಲ ಕಣವ್ವ."

ಹೆಮ್ಮೆಗೆ ಎದೆ ಉಬ್ಬಿ ಸ್ವೆಟರ್ ಬಿಗಿಯಾಯಿತು. ಪಕ್ಕದಲ್ಲಿ ಟೋಪಿ ನೋಡುತ್ತಿದ್ದ ಪ್ರವಾಸಿಯೊಬ್ಬರು ಕಣ್ಣರಳಿಸಿದರು. "ಅರಳಿ ಎಲೆ ಅಲ್ವಾ? ನೋಡಿದ್ರೇ ಮನಸ್ಸಿಗೆ ಶಾಂತಿ. ಧ್ಯಾನಕ್ಕೆ ಕೂರುವಾಗ ಹೊದೆಯೋಕೆ ನನಗೊಂದು ಶಾಲು ಮಾಡಿಕೊಡ್ತೀರಾ?"

ಹೂಂ ಅಂದುಬಿಡೋಣ ಅನ್ನಿಸಿತು. ಆದರೆ ನಾನು ಹೆತ್ತ ಎಲೆಗೆ ಬೇರೆ ಹೆಸರು ಹೇಗೆ ಹೇಳಲಿ?

"ಅರಳಿ ಅಲ್ಲ ಸಾರ್, ಹೊಗೆಸೊಪ್ಪು. ಸಿಗರೇಟಿಗೆ ಹೋಗೋದು."

ಸ್ವೆಟರಿನಿಂದ ಹೊಗೆ ಎದ್ದಂತೆ ಆತ ಎರಡು ಹೆಜ್ಜೆ ಹಿಂದೆ ಸರಿದು, ಟೋಪಿಯನ್ನೂ ಬಿಟ್ಟು ಹೊರಟೇಹೋದರು. ನನ್ನ ಮುಖ ಸಣ್ಣಗಾಯಿತು. ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಟೇಪು ತಗೊಂಡು, ಬಾಗಿಲಲ್ಲಿ ಕೂತಿದ್ದ ತಮ್ಮ ಯಜಮಾನರ ಎದೆಯ ಸುತ್ತ ಅಳತೆ ಹಿಡಿದರು.

"ಇವ್ರಿಗೊಂದು ಹಾಕ್ಕೊಡವ್ವ. ದೊಡ್ಡದಾಗಿ ಒಂದೇ ಎಲೆ ಇರ್ಲಿ. ಡಾಕ್ಟ್ರು ಹೊಗೆಸೊಪ್ಪು ಬಾಯಿಗಿಡಬೇಡಿ ಅಂದವ್ರೆ, ಎದೆ ಮೇಲೆ ಇಟ್ಕಬೇಡಿ ಅಂದಿಲ್ಲ!"